ಹರ್ನ್ ಹಿಲ್ಲಿನ ಸೈಕಲ್ಲು, ನಮ್ಮೂರಿನ ನಾಲ್ಕು ಪೈಸೆ

ಲಂಡನ್ನಿಗೆ ಹೋಗಿ ಬಂದವರು ಟವರ್ ಬ್ರಿಜ್, ಅರಮನೆ, ದೊಡ್ಡ ಗಡಿಯಾರ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ನಾನೂ ಅವನ್ನೆಲ್ಲ ನೋಡಿದೆ, ಫೋಟೋನೂ ತೆಗೆಸಿಕೊಂಡೆ. ಆದರೆ ಹೋದ ಬೇಸಿಗೆಯ ಆ ಮೂರು ತಿಂಗಳಲ್ಲಿ ಹೆಚ್ಚು ಹೊತ್ತು ಕಳೆದದ್ದು ಮಗಳ ಮನೆಯ ಹಿತ್ತಲಿನಲ್ಲಿದ್ದ ಮರದ ಶೆಡ್ಡಿನಲ್ಲಿ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ಒಂದು ಹಳೇ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು. ನಮ್ಮ ಮನೆಯವರು ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು, "ಇದಕ್ಕೋಸ್ಕರ ಇಷ್ಟು ದೂರ ಬರಬೇಕಿತ್ತಾ?" ಎಂದು ಕೇಳಿ ಹೋಗುತ್ತಿದ್ದರು.

ಮಗಳ ಮನೆ ಇರುವುದು ದಕ್ಷಿಣ ಲಂಡನ್ನಿನ ಹರ್ನ್ ಹಿಲ್ ಎಂಬಲ್ಲಿ. ರೈಲು ನಿಲ್ದಾಣದ ಎದುರಿಗೇ ಬ್ರಾಕ್‌ವೆಲ್ ಪಾರ್ಕ್ ಎಂಬ ದೊಡ್ಡ ಉದ್ಯಾನ. ಅದರ ದಿಣ್ಣೆ ಹತ್ತಿ ನಿಂತರೆ ದೂರದಲ್ಲಿ ನಗರದ ಗಾಜಿನ ಗೋಪುರಗಳು ಕಾಣುತ್ತವೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ಗಂಟೆಗೂ ಹಗಲು. ನಮ್ಮ ಸಂಧ್ಯಾವಂದನೆ, ಊಟ, ನಿದ್ದೆ ಎಲ್ಲದರ ಲೆಕ್ಕವೂ ತಪ್ಪಿಹೋಯಿತು.

ಮೊಮ್ಮಗನಿಗೆ ಹದಿನೈದು ವರ್ಷ. ಮನೆಯಲ್ಲಿ ಪುಟ್ಟ ಎಂದೇ ಕರೆಯುವುದು, ನನಗಿಂತ ಒಂದು ಗೇಣು ಎತ್ತರ ಇದ್ದಾನೆ. ಹೋದ ಮೊದಲ ವಾರ ಅವನೂ ನಾನೂ ಆಡಿದ್ದು, "ಊಟ ಆಯ್ತಾ ತಾತ?" "ಆಯ್ತು ಕಣೋ", ಇಷ್ಟೇ. ಅವನ ಕನ್ನಡ ಅಡುಗೆಮನೆಯ ಕನ್ನಡ, ನನ್ನ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್. ಬಡ್ಡಿ, ಠೇವಣಿ ಬಗ್ಗೆ ಆ ವಯಸ್ಸಿನ ಹುಡುಗನ ಹತ್ತಿರ ಎಷ್ಟು ಹೊತ್ತು ಮಾತಾಡಲು ಆದೀತು?

ಎರಡನೆಯ ವಾರ ಅವನು ಶೆಡ್ಡಿನ ಮೂಲೆಯಿಂದ ಒಂದು ಸೈಕಲ್ ಎಳೆದು ತಂದ. ಹಿಂದೆ ಆ ಮನೆಯಲ್ಲಿದ್ದವರು ಬಿಟ್ಟು ಹೋದದ್ದು. ಮೈತುಂಬ ಜೇಡರ ಬಲೆ, ಟೈರು ಬಿರುಕು ಬಿಟ್ಟಿತ್ತು. ಒರೆಸಿ ನೋಡಿದರೆ ಕುತ್ತಿಗೆಯ ಮೇಲೆ ಬಕಪಕ್ಷಿಯ ತಲೆಯ ಲಾಂಛನ. ರ‍್ಯಾಲಿ! ನನಗೆ ಎದೆ ಝಲ್ಲೆಂದಿತು. ನಾಟಿಂಗ್‌ಹ್ಯಾಮ್ ಊರಿನ ರ‍್ಯಾಲಿ ಬೀದಿಯಲ್ಲಿ ಹುಟ್ಟಿದ ಕಂಪನಿ ಅದು, ಬೀದಿಯ ಹೆಸರೇ ಸೈಕಲ್ಲಿಗೂ ಬಂತು. ನಮ್ಮಲ್ಲಿ ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರ‍್ಯಾಲಿ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ನಾನು ಹುಡುಗನಾಗಿದ್ದಾಗ ಊರಿನಲ್ಲಿ ರ‍್ಯಾಲಿ ಇಟ್ಟವರೆಂದರೆ ಡಾಕ್ಟರು ಮತ್ತು ಹೈಸ್ಕೂಲಿನ ಹೆಡ್‌ಮಾಸ್ಟರು, ಇಬ್ಬರೇ.

"ಇದನ್ನು ರಿಪೇರಿ ಮಾಡ್ತೀಯೇನೋ?" ಅಂದೆ.

"ರಿಪೇರಿ ಅಲ್ಲ ತಾತ. ಫಿಕ್ಸೆಡ್ ಗೇರ್ ಮಾಡ್ತೀನಿ."

ಮಕ್ಕಳೇ, ನಿಮಗೂ ಗೊತ್ತಿರಲಿಕ್ಕಿಲ್ಲ, ನನಗಂತೂ ಗೊತ್ತಿರಲಿಲ್ಲ. ನಾವು ಓಡಿಸುವ ಸೈಕಲ್ಲಿನ ಹಿಂಚಕ್ರದಲ್ಲಿ ಫ್ರೀವೀಲ್ ಇರುತ್ತದೆ. ಇಳಿಜಾರಿನಲ್ಲಿ ಕಾಲು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಓಡುತ್ತದೆ, ಟಿಕ್ ಟಿಕ್ ಟಿಕ್ ಎಂದು ಸದ್ದು ಬರುತ್ತದಲ್ಲ, ಅದು ಫ್ರೀವೀಲಿನ ಒಳಗಿರುವ ಚಿಕ್ಕ ನಾಲಿಗೆಗಳ ಸದ್ದು. ಫಿಕ್ಸೆಡ್ ಗೇರಿನಲ್ಲಿ ಆ ನಾಲಿಗೆಯೇ ಇಲ್ಲ. ಹಲ್ಲುಚಕ್ರವನ್ನು ಹಿಂಚಕ್ರಕ್ಕೆ ಬಿಗಿಯಾಗಿ ಕೂರಿಸಿಬಿಡುತ್ತಾರೆ. ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲು ತಿರುಗುವಷ್ಟು ಹೊತ್ತೂ ನಿಮ್ಮ ಕಾಲು ತಿರುಗಲೇಬೇಕು. ವೇಗ ತಗ್ಗಿಸಬೇಕಾದರೆ ಪೆಡಲಿಗೆ ಹಿಮ್ಮುಖವಾಗಿ ಕಾಲು ಕೊಟ್ಟು ತಡೆಯಬೇಕು. ಮೊದಮೊದಲು ಬಂದ, ಮುಂದೆ ದೊಡ್ಡ ಚಕ್ರ ಹಿಂದೆ ಪುಟ್ಟ ಚಕ್ರ ಇದ್ದ ಸೈಕಲ್ಲುಗಳೆಲ್ಲ ಹೀಗೇ ಇದ್ದವು. ಇಂದಿಗೂ ವೃತ್ತಾಕಾರದ ಟ್ರ್ಯಾಕಿನಲ್ಲಿ ನಡೆಯುವ ಪಂದ್ಯಗಳ ಸೈಕಲ್ಲು ಹೀಗೇ. ದೊಡ್ಡ ನಗರಗಳಲ್ಲಿ ಕಾಗದಪತ್ರ ಮುಟ್ಟಿಸುವ ಸೈಕಲ್ ಹುಡುಗರು ಇದನ್ನು ರಸ್ತೆಗೆ ತಂದರು, ಕೆಡುವ ಭಾಗ ಕಡಿಮೆ, ಖರ್ಚೂ ಕಡಿಮೆ ಎಂದು. ಅವರನ್ನು ನೋಡಿ ಕಾಲೇಜು ಹುಡುಗರಿಗೂ ಹುಚ್ಚು ಹಿಡಿಯಿತು.

ಪುಟ್ಟ ಬೆಳಗಿನ ಹೊತ್ತು ಮನೆಮನೆಗೆ ಪತ್ರಿಕೆ ಹಾಕಿ 90 ಪೌಂಡ್ ಕೂಡಿಟ್ಟಿದ್ದ. ಪೌಂಡಿಗೆ ನೂರು ರೂಪಾಯಿಗೂ ಹೆಚ್ಚು, ನೀವೇ ಲೆಕ್ಕ ಹಾಕಿ. ನಾನು ಸ್ವಲ್ಪ ಕೊಡುತ್ತೇನೆ ಅಂದದ್ದಕ್ಕೆ, "ಬೇಡ ತಾತ, ಇದು ನನ್ನ ಪ್ರಾಜೆಕ್ಟು" ಅಂದ. ಸರಿ, ದುಡ್ಡು ಬೇಡವಾದರೆ ಲೆಕ್ಕವಾದರೂ ಬರೆದುಕೊಡುತ್ತೇನೆ ಎಂದೆ. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ಕೂತವನಿಗೆ ಬರುವುದು ಅದೊಂದೇ. ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಖರ್ಚು, ಬಲಕ್ಕೆ ಜಮಾ ಎಂದು ಬರೆದಾಗ ಹುಡುಗ ಮೊದಲ ಸಲ ನನ್ನನ್ನು ಆಸಕ್ತಿಯಿಂದ ನೋಡಿದ.

ಬಿಚ್ಚುವ ಕೆಲಸ ಎರಡು ದಿನ ಹಿಡಿಯಿತು. ಗೇರು ಬದಲಿಸುವ ಯಂತ್ರ, ಅದರ ಸನ್ನೆ, ತಂತಿ ಎಲ್ಲ ಹೊರಬಂದವು. ಮುಂದೆ ಎರಡು ಹಲ್ಲುಚಕ್ರ ಇದ್ದವು, 52 ಹಲ್ಲಿನದನ್ನು ತೆಗೆದು 42 ಹಲ್ಲಿನದನ್ನು ಉಳಿಸಿದ. ಹಿಂದಕ್ಕೆ 16 ಹಲ್ಲಿನದು ಹಾಕುತ್ತೇನೆ ಎಂದ. ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. 42ನ್ನು 16ರಿಂದ ಭಾಗಿಸಿದರೆ 2.625. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಅಂದರೆ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಐದೂವರೆ ಮೀಟರ್ ಮುಂದೆ ಹೋಗುತ್ತದೆ.

ಹಳೇ ರ‍್ಯಾಲಿಯೇ ಏಕೆ ಬೇಕು ಅಂದರೆ, ಅದರಲ್ಲಿ ಹಿಂಚಕ್ರದ ಅಚ್ಚು ಕೂರುವ ಸೀಳು ಉದ್ದಕ್ಕೆ ಮಲಗಿದಂತೆ ಇರುತ್ತದೆ. ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ನಮ್ಮ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳಲ್ಲಿ ಚೈನು ಸಡಿಲವಾದಾಗ ಹಾಗೇ ಮಾಡುತ್ತಿದ್ದೆವಲ್ಲ. ಈಗಿನ ಗೇರು ಸೈಕಲ್ಲುಗಳಲ್ಲಿ ಸೀಳು ನೆಟ್ಟಗೆ ಕೆಳಮುಖವಾಗಿ ಇರುವುದೇ ಹೆಚ್ಚು, ಅವು ಈ ಕೆಲಸಕ್ಕೆ ಬಾರವು. ಹಳತು ಎಂದು ಗುಜರಿಗೆ ಹೋಗುವುದರಲ್ಲಿ ಇಂಥ ಗುಣ ಇರುವುದು ಕೇಳಿ, ಎಪ್ಪತ್ತು ದಾಟಿದ ನನಗೆ ಒಂಥರಾ ಹಿತವಾಯಿತು.

ಜಗಳ ಶುರುವಾದದ್ದು ಪಟ್ಟಿ ಬರೆಯುವಾಗ. ಪುಟ್ಟನ ಪಟ್ಟಿಯಲ್ಲಿ ಎರಡು ವಸ್ತುಗಳಿರಲಿಲ್ಲ. ಒಂದು, ಫಿಕ್ಸೆಡ್ ಗೇರಿಗೆಂದೇ ಮಾಡಿದ ಹಿಂಚಕ್ರ. ಹಳೇ ಚಕ್ರದ ಮೇಲೇ ಹಲ್ಲುಚಕ್ರವನ್ನು ತಿರುಗಿಸಿ ಕೂರಿಸಿಬಿಡುತ್ತೇನೆ, ಥ್ರೆಡ್ಡು ಒಂದೇ, ಅಂದ. ಇನ್ನೊಂದು, ಬ್ರೇಕು.

"ಬ್ರೇಕು ಬೇಡವೇನೋ?"

"ಬೇಡ ತಾತ. ಕಾಲೇ ಬ್ರೇಕು. ನಮ್ಮ ಸ್ಕೂಲಲ್ಲಿ ದೊಡ್ಡ ಹುಡುಗರ್ಯಾರೂ ಹಾಕಲ್ಲ. ಹ್ಯಾಂಡಲ್ ಮೇಲೆ ಏನೂ ಇರಬಾರದು, ನೀಟಾಗಿರತ್ತೆ. ದುಡ್ಡೂ ಉಳಿಯತ್ತೆ."

ಅಲ್ಲಿನ ಕಾನೂನಿನ ಪ್ರಕಾರ ಫಿಕ್ಸೆಡ್ ಗೇರ್ ಸೈಕಲ್ಲಿಗೂ ಮುಂಚಕ್ರಕ್ಕೆ ಬ್ರೇಕು ಇರಲೇಬೇಕು. ಕಾಲಿನ ತಡೆ ಹಿಂಚಕ್ರದ ಬ್ರೇಕಿನ ಲೆಕ್ಕಕ್ಕೆ ಮಾತ್ರ. ಅಳಿಯಂದಿರು ಊಟದ ಮೇಜಿನಲ್ಲಿ ಅದನ್ನು ಹೇಳಿದರು. ಮಗಳು ಬೈದಳು. ಹುಡುಗ ತಟ್ಟೆ ಬಿಟ್ಟು ಎದ್ದು ಹೋದ. ಮಾರನೆಯ ದಿನ ನನಗೆ ಮಾತ್ರ, "ಶನಿವಾರ ಬನ್ನಿ ತಾತ, ಬ್ರೇಕ್ ಇಲ್ಲದ ಸೈಕಲ್ ಎಷ್ಟಿದೆ ತೋರಿಸ್ತೀನಿ" ಅಂದ.

ಹರ್ನ್ ಹಿಲ್ ವೆಲೊಡ್ರೋಮ್ ಮಗಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ರಸ್ತೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಬರ್ಬೇಜ್ ರಸ್ತೆಯ ಮನೆಗಳ ನಡುವೆ ಒಂದು ಓಣಿ, ಅದರೊಳಗೆ ಹೋದರೆ ಇದ್ದಕ್ಕಿದ್ದಂತೆ ಮರಗಳ ನಡುವೆ ಬೃಹತ್ ಬಾಣಲೆಯಂಥ ಬಯಲು. ಸುತ್ತ 450 ಮೀಟರಿನ ಟ್ರ್ಯಾಕು, ತಿರುವುಗಳಲ್ಲಿ ಬಾಣಲೆಯ ಅಂಚಿನ ಹಾಗೆ ಓರೆಯಾಗಿ ಎದ್ದಿದೆ. 1891ರಲ್ಲಿ ಕಟ್ಟಿದ್ದು. 1948ರ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕ್ ಸೈಕಲ್ ಪಂದ್ಯಗಳೆಲ್ಲ ಇಲ್ಲೇ ನಡೆದವು. ಯುದ್ಧ ಮುಗಿದು ಮೂರೇ ವರ್ಷ, ದೇಶದಲ್ಲಿ ಇನ್ನೂ ರೇಷನ್ನು, ಹೊಸ ಕ್ರೀಡಾಂಗಣ ಕಟ್ಟಲು ದುಡ್ಡಿಲ್ಲ, ಇದ್ದುದರಲ್ಲೇ ಸುಧಾರಿಸಿದರು. ಇಲ್ಲಿ ದೀಪದ ವ್ಯವಸ್ಥೆ ಇರಲಿಲ್ಲ. ಪಂದ್ಯಗಳು ತಡವಾಗಿ ಕೊನೆಕೊನೆಯವು ಮಬ್ಬುಗತ್ತಲಲ್ಲಿ ಮುಗಿದವಂತೆ. ಇಂಗ್ಲೆಂಡಿನವರ ಕಣ್ಮಣಿ ರೆಜ್ ಹ್ಯಾರಿಸ್ ಇಲ್ಲಿ ಚಿನ್ನ ಗೆಲ್ಲುತ್ತಾನೆಂದು ಎಲ್ಲರೂ ಕಾದಿದ್ದರೆ, ಇಟಲಿಯ ಮಾರಿಯೋ ಗೆಲ್ಲಾ ಗೆದ್ದುಕೊಂಡು ಹೋದ. ಸ್ವತಂತ್ರ ಭಾರತ ಮೊದಲ ಬಾರಿಗೆ ತನ್ನ ಬಾವುಟ ಹಿಡಿದು ಹೋದ ಒಲಿಂಪಿಕ್ಸ್ ಅದು. ಹಾಕಿಯಲ್ಲಿ ಚಿನ್ನ ಗೆದ್ದದ್ದು ನಮಗೆಲ್ಲ ನೆನಪಿದೆ, ನಮ್ಮ ಸೈಕಲ್ ಸವಾರರೂ ಅಲ್ಲಿಗೆ ಹೋಗಿದ್ದರೆಂಬುದು ನೆನಪಿಲ್ಲ. ಮುಂದೆ ಟೂರ್ ಡಿ ಫ್ರಾನ್ಸ್ ಗೆದ್ದ ಬ್ರಾಡ್ಲಿ ವಿಗ್ಗಿನ್ಸ್ ಹುಡುಗನಾಗಿ ಪಂದ್ಯ ಕಲಿತದ್ದೂ ಇದೇ ಟ್ರ್ಯಾಕಿನಲ್ಲಿ.

ಕಟಕಟೆ ಹಿಡಿದು ನಿಂತು ನೋಡಿದೆ. ಹತ್ತು ವರ್ಷದ ಹುಡುಗಿಯಿಂದ ಹಿಡಿದು ನನ್ನ ವಯಸ್ಸಿನ ಅಜ್ಜನವರೆಗೆ ಸಾಲಾಗಿ ಸುತ್ತುತ್ತಿದ್ದರು. ಟಿಕ್ ಟಿಕ್ ಸದ್ದಿಲ್ಲ, ಬ್ರೇಕಿನ ಕಿರ್ರೆಂಬ ಸದ್ದಿಲ್ಲ. ಟೈರುಗಳ ಹುಸ್ಸೆಂಬ ಸದ್ದು ಮಾತ್ರ, ಮಳೆ ಬರುವ ಮೊದಲು ತೆಂಗಿನ ಗರಿಗಳಲ್ಲಿ ಗಾಳಿ ಆಡಿದ ಹಾಗೆ. ನಮ್ಮ ವಿಜಯಪುರ, ಬಾಗಲಕೋಟೆಯ ಕಡೆಯ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ದೇಶಕ್ಕೇ ಹೆಸರಾದವರು. ಅವರು ಇಲ್ಲಿ ಬಂದು ಸುತ್ತಿದ್ದರೆ ಹೇಗಿರುತ್ತಿತ್ತು ಎಂದು ಅನ್ನಿಸಿತು.

ಪುಟ್ಟನೂ ಅಲ್ಲಿನ ಬಾಡಿಗೆ ಸೈಕಲ್ ಹತ್ತಿ ಕಲಿಯುವವರ ಸಾಲಿನಲ್ಲಿ ಸುತ್ತಿ ಬಂದ. ಬೆವರು ಒರೆಸಿಕೊಳ್ಳುತ್ತಾ, "ನೋಡಿದ್ರಾ? ಒಂದಕ್ಕೂ ಬ್ರೇಕಿಲ್ಲ" ಅಂದ.

ನಿಜವೇ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ನಡೆಯುವಾಗ, ರೈಲ್ವೆ ಸೇತುವೆ ಕೆಳಗೆ ಒಂದು ಬಸ್ಸು, ಇಬ್ಬರು ಮಕ್ಕಳ ತಾಯಿ, ಹಗ್ಗ ಬಿಡಿಸಿಕೊಂಡ ನಾಯಿ, ಎಲ್ಲ ಒಟ್ಟಿಗೇ ಎದುರಾದಾಗ ಹೊಳೆಯಿತು. "ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ ಕಣೋ. ಯಾರಿಗೂ ಬ್ರೇಕಿಲ್ಲ ಅಂತ ಎಲ್ಲರಿಗೂ ಗೊತ್ತು, ಯಾರೂ ಗಕ್ಕನೆ ನಿಲ್ಲಲ್ಲ. ಇಲ್ಲಿ ಈ ನಾಯಿಗೆ ಗೊತ್ತಾ?" ಹುಡುಗ ಮಾತಾಡಲಿಲ್ಲ. ಒಪ್ಪಿದ ಮೌನವಲ್ಲ ಅದು.

ಚಕ್ರದ ವಿಷಯ ಮಾತ್ರ ಬೇರೆಯವರಿಂದ ಬಗೆಹರಿಯಿತು. ಬ್ರಿಕ್ಸ್‌ಟನ್ ಕಡೆ ಹಳೇ ಸೈಕಲ್ಲುಗಳನ್ನು ಸರಿಮಾಡಿ ಕಡಿಮೆ ಬೆಲೆಗೆ ಕೊಡುವ ಒಂದು ಕಾರ್ಖಾನೆ ಇತ್ತು. ಅಲ್ಲಿದ್ದ ಮೇಸ್ತ್ರಿ ಜಮೈಕಾ ಮೂಲದವರು, ಬಿಳಿ ಗಡ್ಡ, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಪುಟ್ಟ ತನ್ನ ಉಳಿತಾಯದ ಉಪಾಯ ಹೇಳಿದಾಗ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಹಳೇ ಚಕ್ರಕ್ಕೆ ಹಲ್ಲುಚಕ್ರ ತಿರುಗಿಸಿ ಕೂರಿಸಿ, ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲಿಗೆ ಹಾಕಿ, "ತುಳಿ" ಅಂದರು. ಪುಟ್ಟ ಕೈಯಿಂದ ಪೆಡಲು ತಿರುಗಿಸಿದ, ಚಕ್ರ ಬಿರ್ರನೆ ತಿರುಗಿತು. "ಈಗ ತಡಿ." ಅವನು ಜೋರಾಗಿ ಹಿಮ್ಮುಖ ಒತ್ತಿದ. ಟಕ್ ಎಂದಿತು. ಪೆಡಲು ಹಿಂದಕ್ಕೆ ಸಲೀಸಾಗಿ ತಿರುಗತೊಡಗಿತು, ಚಕ್ರ ಮಾತ್ರ ಮುಂದಕ್ಕೆ ಓಡುತ್ತಲೇ ಇತ್ತು. ಹಲ್ಲುಚಕ್ರ ಥ್ರೆಡ್ಡು ಬಿಚ್ಚಿಕೊಂಡಿತ್ತು.

ಫಿಕ್ಸೆಡ್ ಗೇರಿಗೆಂದೇ ಮಾಡಿದ ಚಕ್ರದಲ್ಲಿ ಎರಡು ಥ್ರೆಡ್ಡು ಇರುತ್ತವೆ. ಹಲ್ಲುಚಕ್ರಕ್ಕೆ ಸಾಮಾನ್ಯ ಥ್ರೆಡ್ಡು, ಅದರ ಮೇಲೆ ಕೂರುವ ಲಾಕ್ ರಿಂಗಿಗೆ ಉಲ್ಟಾ ಥ್ರೆಡ್ಡು. ನಾವು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ, ಅದೇ ತಿರುವು ಲಾಕ್ ರಿಂಗನ್ನು ಬಿಗಿ ಮಾಡುತ್ತದೆ. ಟೇಬಲ್ ಫ್ಯಾನಿನ ರೆಕ್ಕೆ ಹಿಡಿಯುವ ನಟ್ಟು ನೋಡಿದ್ದೀರಲ್ಲ, ಅದೂ ಉಲ್ಟಾ. ಸೈಕಲ್ಲಿನ ಎಡ ಪೆಡಲೂ ಉಲ್ಟಾ. ನಾನು ಫ್ಯಾನಿನ ಉದಾಹರಣೆ ಕೊಟ್ಟಾಗ ಮೇಸ್ತ್ರಿ ತಲೆದೂಗಿ ನನ್ನ ಕೈ ಕುಲುಕಿದರು. ಪುಟ್ಟ ಮುಖ ಚಿಕ್ಕದು ಮಾಡಿಕೊಂಡು 38 ಪೌಂಡ್ ಕೊಟ್ಟು ಒಂದು ಹಳೇ ಟ್ರ್ಯಾಕ್ ಚಕ್ರ ಕೊಂಡ. ಬಿಚ್ಚಿದ ಗೇರು ಸಾಮಾನುಗಳನ್ನು ಅವರೇ 22 ಪೌಂಡಿಗೆ ತೆಗೆದುಕೊಂಡರು.

ಬ್ರೇಕು ಹಾಗೇ ಉಳಿಯಿತು. ಹಳೇ ಬ್ರೇಕಿನ ಕೈಗಳು ಚೆನ್ನಾಗಿಯೇ ಇದ್ದವು, ಬೇಕಾಗಿದ್ದುದು ಹೊಸ ರಬ್ಬರು ಮತ್ತು ತಂತಿ, ಬರೀ 9 ಪೌಂಡು. ಆ 9 ಪೌಂಡಿನ ಸಾಲು ಎರಡು ದಿನ ನೋಟ್‌ಬುಕ್ಕಿನಲ್ಲಿ ಖಾಲಿ ಇತ್ತು.

ಮೂರನೆಯ ದಿನ ಸಂಜೆ ಮಳೆ. ಶೆಡ್ಡಿನ ತಗಡಿನ ಮೇಲೆ ಹನಿ ಬೀಳುತ್ತಿತ್ತು. ಅವನು ಚೈನು ಅಳೆಯುತ್ತಿದ್ದ, ನಾನು ವಾಷರು ಒರೆಸುತ್ತಿದ್ದೆ. ಹೇಳಿಬಿಡಬೇಕು ಅನ್ನಿಸಿತು. ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ.

ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಒಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. 1964ರ ಮಾತು. ಗಂಟೆಗೆ 12 ಪೈಸೆ. ಒಂದು ಸೈಕಲ್ಲಿಗೆ ಮಾತ್ರ 8 ಪೈಸೆ, ಏಕೆಂದರೆ ಅದರ ಬ್ರೇಕ್ ರಬ್ಬರು ಸವೆದುಹೋಗಿತ್ತು. ಅಂಗಡಿಯವರು ಅದನ್ನು ಬೇರೆ ನಿಲ್ಲಿಸಿ, "ಇದು ಬರೀ ಬಯಲಲ್ಲಿ ಕಲಿಯೋರಿಗೆ, ಇಳಿಜಾರಿಗೆ ತಗೊಂಡು ಹೋಗಬೇಡ" ಎಂದು ಹೇಳಿಯೇ ಕೊಡುತ್ತಿದ್ದರು. ನನಗೂ ಹೇಳಿದರು. ಉಳಿಯುವ ನಾಲ್ಕು ಪೈಸೆಗೆ ಪೆಪ್ಪರ್‌ಮೆಂಟು ಬರುತ್ತಿತ್ತು. ನಾನು ಅದನ್ನೇ ತೆಗೆದುಕೊಂಡು, ದೇವಸ್ಥಾನದ ದಿಣ್ಣೆಯಿಂದ ಸಂತೆ ಮೈದಾನದ ಕಡೆಗೆ ಇಳಿಜಾರಿನಲ್ಲಿ ಬಿಟ್ಟೆ. ಸಂತೆಯ ದಿನ. ಕೆಳಗೆ ಸೊಪ್ಪು ಮಾರುವ ಅಜ್ಜಿ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದಳು. ಬ್ರೇಕು ಹಿಡಿದೆ, ಇರಲಿಲ್ಲ. ಕಾಲು ಊರಿದೆ, ಚಪ್ಪಲಿ ಹರಿಯಿತು.

ಅಜ್ಜಿಯ ಮಣಿಕಟ್ಟು ಮುರಿಯಿತು. ಎರಡು ತಿಂಗಳು ಅವಳು ಸಂತೆಗೆ ಬರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಅಪ್ಪ ಕೇಳಿದಾಗ, "ಬ್ರೇಕು ಇದ್ದಕ್ಕಿದ್ದಂತೆ ಕಿತ್ತುಹೋಯಿತು, ಅಂಗಡಿಯವರು ಏನೂ ಹೇಳಿರಲಿಲ್ಲ" ಎಂದುಬಿಟ್ಟೆ. ಅಪ್ಪ ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ ಕೂಗಾಡಿದರು. ಅಜ್ಜಿಯ ಔಷಧಿಯ ಖರ್ಚಿನಲ್ಲಿ ಅರ್ಧ ಅಂಗಡಿಯವರು ಕೊಡಬೇಕೆಂದು ತೀರ್ಮಾನವಾಯಿತು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ನೆಲ ನೋಡಿದೆ. ಅವರು ಮರುಮಾತಾಡದೆ ದುಡ್ಡು ಎಣಿಸಿ ಕೊಟ್ಟರು.

ಪುಟ್ಟ ಚೈನು ಕೆಳಗಿಟ್ಟಿದ್ದ. "ಅಂಗಡಿಯವರಿಗೆ ಆಮೇಲೆ ಸಾರಿ ಹೇಳಿದ್ರಾ?"

"ಇಲ್ಲ."

"ಅವರು ಇದಾರಾ?"

"ತೀರಿಕೊಂಡು ಎಷ್ಟೋ ವರ್ಷ ಆಯ್ತು. ಅವರ ಮಗ ಅದೇ ಜಾಗದಲ್ಲಿ ಅಂಗಡಿ ಇಟ್ಟಿದ್ದಾರೆ."

ಅವನು ತುಂಬ ಹೊತ್ತು ಯೋಚಿಸಿದ. ನನ್ನನ್ನು ಸಮಾಧಾನ ಮಾಡುವ ಮಾತೇನೂ ಆಡಲಿಲ್ಲ, ಅದು ನನಗೆ ಇಷ್ಟವಾಯಿತು. ಕೊನೆಗೆ, "ಓಕೆ ತಾತ. ನಾನು ಬ್ರೇಕ್ ಹಾಕ್ತೀನಿ. ನೀವು ಊರಿಗೆ ಹೋದಾಗ ಅವರ ಮಗನಿಗೆ ಹೇಳಬೇಕು" ಅಂದ. ಕೈ ಮುಂದೆ ಮಾಡಿದ. ಗ್ರೀಸ್ ಕೈಯಲ್ಲೇ ಕೈ ಕೊಟ್ಟೆ.

ಲೆಕ್ಕದ ಪುಟ ಈಗಲೂ ನನ್ನ ಹತ್ತಿರ ಇದೆ. ಚಕ್ರ 38, ಹಲ್ಲುಚಕ್ರ ಮತ್ತು ಲಾಕ್ ರಿಂಗ್ 15, ಚೈನು 8, ಟೈರು ಟ್ಯೂಬು 26, ಬ್ರೇಕಿನ ರಬ್ಬರು ತಂತಿ 9, ಪೆಡಲಿಗೆ ಕಾಲು ಬಿಗಿಯುವ ಪಟ್ಟಿ 8, ಮುಂದಿನ ಹಲ್ಲುಚಕ್ರಕ್ಕೆ ಗಿಡ್ಡ ಬೋಲ್ಟು 5. ಒಟ್ಟು 109. ಹಳೇ ಸಾಮಾನು ಮಾರಿದ್ದು 22 ಕಳೆದರೆ 87. ಕೈಯಲ್ಲಿ 90 ಇತ್ತು, ಉಳಿದದ್ದು 3 ಪೌಂಡು. ವಾಷರುಗಳನ್ನು ಮೇಸ್ತ್ರಿ ಸುಮ್ಮನೆ ಕೊಟ್ಟರು. ಅವು ಬೇಕಾದದ್ದು ಏಕೆಂದರೆ ರ‍್ಯಾಲಿಯ ಹಿಂದಿನ ಕವಲಿನ ಅಗಲ 126 ಮಿಲಿಮೀಟರ್, ಟ್ರ್ಯಾಕ್ ಚಕ್ರದ್ದು 120. ಎರಡೂ ಕಡೆ ಮೂರು ಮೂರು ಮಿಲಿಮೀಟರ್ ತುಂಬಬೇಕಿತ್ತು. ಮುಂಚಕ್ರ ಹಳೆಯದು, ಹಿಂಚಕ್ರ ಈ ಕಾಲದ ಅಳತೆಯದು, ವ್ಯಾಸದಲ್ಲಿ 8 ಮಿಲಿಮೀಟರ್ ಚಿಕ್ಕದು. ತಾತ ಮೊಮ್ಮಗ ಜೊತೆಗೆ ನಡೆದ ಹಾಗೆ ಅಂತ ನಮ್ಮ ಮನೆಯವರು ನಕ್ಕರು.

ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ಸ್ಕೇಲು ಹಿಡಿದು ನೋಡಿದೆವು. ಚೈನನ್ನು ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡಬೇಕು, ಅದಕ್ಕಿಂತ ಸಡಿಲವಿದ್ದರೆ ಕಳಚಿ ಬೀಳುತ್ತದೆ, ತೀರ ಬಿಗಿಯಾದರೆ ಬೇರಿಂಗು ಹಾಳು. ಒಂದು ಎಚ್ಚರಿಕೆ, ಮಕ್ಕಳೇ: ಇಂಥ ಸೈಕಲ್ಲಿನ ಚೈನು ಒರೆಸುವಾಗ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿಯಬಾರದು. ಬೆರಳು ಸಿಕ್ಕಿದರೆ ಚಕ್ರ ತಾನಾಗಿ ನಿಲ್ಲುವುದಿಲ್ಲ. ಪಂಚೆ ಉಟ್ಟು ಹತ್ತುವ ಮಾತಂತೂ ಬೇಡವೇ ಬೇಡ.

ಒಂದು ವಾರ ಅವನು ಪಾರ್ಕಿನ ಸುತ್ತ ಸಮತಟ್ಟಿನಲ್ಲಿ ಓಡಿಸಿ ಕಾಲಿಗೆ ರೂಢಿ ಮಾಡಿಕೊಂಡ. ಮೊದಲ ದಿನ ಅಭ್ಯಾಸಬಲದಿಂದ ಕಾಲು ನಿಲ್ಲಿಸಿದಾಗ ಪೆಡಲು ಅವನನ್ನೇ ಸೀಟಿನಿಂದ ಎತ್ತಿಬಿಟ್ಟಿತು. ಆಮೇಲೆ, "ಕಾಲೇಜ್ ರಸ್ತೆ ಇಳೀತೀನಿ" ಅಂದ.

ಕಾಲೇಜ್ ರಸ್ತೆ ಇರುವುದು ಪಕ್ಕದ ಡಲ್ವಿಚ್‌ನಲ್ಲಿ. ಮೇಲೆ ಕ್ರಿಸ್ಟಲ್ ಪ್ಯಾಲೆಸ್ ದಿಣ್ಣೆ. 1854ರಲ್ಲಿ ಗಾಜಿನ ಅರಮನೆಯನ್ನು ತಂದು ನಿಲ್ಲಿಸಿದ್ದು ಅಲ್ಲಿ, 1936ರಲ್ಲಿ ಬೆಂಕಿಗೆ ಹೋಯಿತು, ಹೆಸರು ಮಾತ್ರ ಉಳಿದಿದೆ. ಅಲ್ಲಿಂದ ರಸ್ತೆ ಮರಗಳ ನಡುವೆ ಇಳಿಯುತ್ತಾ ಬಂದು ಒಂದು ಸುಂಕದ ಕಟ್ಟೆಯ ಹತ್ತಿರ ಸೇರುತ್ತದೆ. ಲಂಡನ್ನಿನಲ್ಲಿ ಉಳಿದಿರುವ ಸುಂಕದ ಕಟ್ಟೆ ಅದೊಂದೇ. 1789ರಿಂದ ಇದೆ. ಕಾರುಗಳು ಇಂದಿಗೂ ಹಣ ಕೊಟ್ಟೇ ಹೋಗಬೇಕು, ನಡೆಯುವವರಿಗೆ, ಸೈಕಲ್ಲಿನವರಿಗೆ ಸುಂಕವಿಲ್ಲ. ಕುದುರೆಗಿಷ್ಟು, ಕುರಿ ಹಂದಿಗಳ ಹಿಂಡಿಗಿಷ್ಟು ಎಂದು ಬರೆದ ಹಳೇ ದರಪಟ್ಟಿ ಅಲ್ಲಿದೆ. ಅದರ ಮುಂದೆ ನಾನು ಎಷ್ಟು ಹೊತ್ತಾದರೂ ನಿಲ್ಲಬಲ್ಲೆ, ಆದರೆ ಅವತ್ತು ಓದಿದ್ದು ತಲೆಗೆ ಹೋಗಲಿಲ್ಲ. ಕಣ್ಣು ಇಳಿಜಾರಿನ ಮೇಲೇ.

ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಗಂಟೆಗೆ 30 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 91 ಸಲ ಕಾಲು ತಿರುಗಬೇಕು. 45 ಆದರೆ 136 ಸಲ. ಹಾಗಾದರೆ ಕಾಲು ಪೆಡಲಿಗೆ ತಡೆ ಕೊಡುವುದಿರಲಿ, ಪೆಡಲಿನ ಜೊತೆ ಓಡುವುದೇ ಕಷ್ಟ.

ಅವನು ತಿರುವಿನಲ್ಲಿ ಕಂಡ. ಕಾಲುಗಳು ಬಡಬಡನೆ ತಿರುಗುತ್ತಿದ್ದವು, ಬೆನ್ನು ಕುಣಿಯುತ್ತಿತ್ತು. ಕಟ್ಟೆಯ ಹತ್ತಿರ ಒಂದು ಕಾರು ನಿಂತಿತ್ತು, ಅದರ ಹಿಂದಿನಿಂದ ಒಬ್ಬ ಹೆಂಗಸು ಮಗುವಿನ ಗಾಡಿ ತಳ್ಳಿಕೊಂಡು ರಸ್ತೆಗೆ ಇಳಿದರು. ನನ್ನ ಬಾಯಿಂದ ಸದ್ದು ಹೊರಡಲಿಲ್ಲ. ಅವನು ಬಲಗೈ ಬೆರಳು ಮಡಚಿದ್ದು ಕಂಡಿತು. ಹೊಸ ರಬ್ಬರು ಕೀಂಯ್ ಎಂದಿತು. ಹೆಂಗಸು ದಾಟುವ ಹೊತ್ತಿಗೆ ಅವನು ನಡಿಗೆಯ ವೇಗಕ್ಕೆ ಬಂದಿದ್ದ. ಅವರು ಅವನನ್ನು ನೋಡಲೂ ಇಲ್ಲ, ಹೊರಟುಹೋದರು.

ನನ್ನ ಪಕ್ಕ ಬಂದು ಇಳಿದ. ಮುಖ ಬಿಳಿಚಿಕೊಂಡಿತ್ತು. ಇಬ್ಬರೂ ದರಪಟ್ಟಿ ಓದುವವರ ಹಾಗೆ ನಿಂತುಕೊಂಡೆವು. ಸ್ವಲ್ಪ ಹೊತ್ತಾದ ಮೇಲೆ, "3 ಪೌಂಡ್ ಇದೆಯಲ್ಲ ತಾತ, ಐಸ್‌ಕ್ರೀಂ ತಿನ್ನೋಣ" ಅಂದ. ಒಂದೇ ಬಂತು, ಹಂಚಿಕೊಂಡು ತಿಂದೆವು.

ಊರಿಗೆ ಬಂದ ಮೇಲೆ ಹೋಗಬೇಕಾದಲ್ಲಿಗೆ ಹೋಗಲು ನನಗೆ ಐದು ವಾರ ಹಿಡಿಯಿತು. ಫೋನು ಮಾಡಿದಾಗಲೆಲ್ಲ ಪುಟ್ಟ, "ಹೋದ್ರಾ?" ಎಂದು ಕೇಳುತ್ತಿದ್ದ. ಮಂಡಿನೋವು ಅಂದೆ, ಮಳೆ ಅಂದೆ. ಕೊನೆಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಬಾಡಿಗೆ ಸೈಕಲ್ಲುಗಳು ಈಗ ಇಲ್ಲ. ಮುಂದೆ ಮೊಬೈಲು ರೀಚಾರ್ಜು, ಒಳಗೆ ಒಂದು ಮೂಲೆಯಲ್ಲಿ ಪಂಕ್ಚರ್ ಹಾಕುವ ಸಾಮಾನು. ಅಂಗಡಿಯವರ ಮಗನಿಗೂ ಅರವತ್ತೈದು ದಾಟಿದೆ. ಯಾರ ಮಗ ನಾನು ಎಂದು ಹೇಳಿದ ಮೇಲೆ ಸ್ಟೂಲು ಕೊಟ್ಟರು. ನಿಂತೇ ಹೇಳಿದೆ, ಪೂರ್ತಿ ಹೇಳಿದೆ. ಅವರು ಕೈಯಲ್ಲಿದ್ದ ಟ್ಯೂಬು ಹಾಗೇ ಹಿಡಿದು ಕೇಳಿಸಿಕೊಂಡರು.

"ಅಪ್ಪ ಆ ಸೈಕಲ್ಲನ್ನ ಆಮೇಲೆ ಬಾಡಿಗೆಗೆ ಕೊಡಲಿಲ್ಲ ಸ್ವಾಮಿ. ತೂಕಕ್ಕೆ ಹಾಕಿಬಿಟ್ಟರು" ಅಂದರು. "ಯಾವ ಹುಡುಗ ಬಂದರೂ ಮೊದಲು ಬ್ರೇಕ್ ಹಿಡಿದು ತೋರಿಸು ಅನ್ನೋರು. ನಮಗೂ ಅದೇ ಪಾಠ. ಯಾಕೆ ಅಂತ ಹೇಳಿರಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ, ಪರವಾಗಿಲ್ಲ ಬಿಡಿ ಎಂದೂ ಅನ್ನಲಿಲ್ಲ. ಎದುರಿನ ಹೋಟೆಲಿಗೆ ಕೂಗಿ ಎರಡು ಕಾಫಿ ತರಿಸಿದರು. ಏನು ಮಾತಾಡಬೇಕೋ ತಿಳಿಯದೆ ನಾನು ಫೋನು ತೆಗೆದು ಪುಟ್ಟನ ಸೈಕಲ್ಲಿನ ಫೋಟೋ ತೋರಿಸಿದೆ. ಫ್ರೀವೀಲ್ ಇಲ್ಲ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಕನ್ನಡಕ ಹಾಕಿಕೊಂಡು, ಹಿಂಚಕ್ರದ ಜಾಗವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ಇಲ್ಲೊಂದು ರಿಂಗ್ ಕಾಣ್ತಾ ಇದೆಯಲ್ಲ ಸ್ವಾಮಿ, ಇದು ಉಲ್ಟಾ ಥ್ರೆಡ್ಡು ತಾನೇ?"